ಗೆಲುವು ಗುರುವಿನ ಋಣವನ್ನು ತೀರಿಸೀತೆ?



ನೆಲೋಗಿಯ ಸುತ್ತಮುತ್ತಲಿನ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ಮಳೆ ಹದವಾಗಿ ಬಂದ ವರ್ಷ ಮೈಗಳ್ಳನ ಹೊಲವೂ ತೊಗರಿ ತುಂಬಿಕೊಂಡು ನಿಲ್ಲುತ್ತದೆ. ಅವನ ಕಣದಲ್ಲಿ ಬಿದ್ದ ರಾಶಿಯನ್ನು ಕಂಡು ಊರವರು ಸಂತೋಷಪಡುತ್ತಾರೆ. ಆದರೆ ಅವನನ್ನು ಒಳ್ಳೆಯ ಒಕ್ಕಲುತನದವನೆಂದು ಮಾತ್ರ ಯಾರೂ ಕರೆಯುವುದಿಲ್ಲ. ಬೆಳೆ ಬೇರೆ, ಬೇಸಾಯ ಬೇರೆ ಎಂಬ ಈ ವಿವೇಕ ಹೊಲದಲ್ಲಿ ನಮಗಿದೆ. ಆಟದ ಬಯಲಿಗೆ ಅಥವಾ ಶಾಲೆಯ ಕೋಣೆಗೆ ಬಂದೊಡನೆ ಅದು ಎಲ್ಲಿ ಹೋಗುತ್ತದೆಯೋ ತಿಳಿಯದು. ಪಾರಿತೋಷಕ ಬಂದಿತೆಂದರೆ ತರಬೇತಿ ಚೆನ್ನಾಗಿತ್ತು, ಬರಲಿಲ್ಲವೆಂದರೆ ಕೆಟ್ಟದಾಗಿತ್ತು; ಇಷ್ಟರಲ್ಲಿ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಗೆದ್ದ ತರಬೇತುದಾರನನ್ನು ಇನ್ನೇನೂ ಕೇಳಬಾರದೆ? ಗೆಲುವೊಂದು ಬಂದರೆ ಕಲಿಸುವವನ ತಪ್ಪುಗಳಿಗೆಲ್ಲ ಕ್ಷಮೆ ದೊರೆತಂತಾಯಿತೆ? ಈ ಪ್ರಶ್ನೆ ನನ್ನನ್ನು ಐವತ್ತು ವರ್ಷಗಳಿಗೂ ಮೇಲಾಗಿ ಬೆನ್ನು ಹತ್ತಿದೆ. ಅದು ಹೇಗೆ ಹತ್ತಿತೆಂಬುದನ್ನು ಮೊದಲು ಹೇಳಬೇಕು.

ನಾನು ಓದುತ್ತಿದ್ದ ಶಾಲೆಯ ಹೆಸರು ಇಲ್ಲಿ ಬೇಡ. ಆ ವರ್ಷ ನಮ್ಮ ಶಾಲೆಯ ಕಬಡ್ಡಿ ತಂಡ ತಾಲೂಕು ಪಂದ್ಯಗಳ ಕೊನೆಯ ಸುತ್ತಿಗೆ ಬಂದಿತ್ತು. ನಾನು ತಂಡದಲ್ಲಿದ್ದೆನೆಂದರೆ ಸುಳ್ಳಲ್ಲ, ಆಡಿದೆನೆಂದರೆ ಸುಳ್ಳು. ಹೆಚ್ಚಿನ ಆಟಗಾರನಾಗಿ ಗೆರೆಯ ಹೊರಗೆ ನೀರಿನ ತಂಬಿಗೆ ಹಿಡಿದು ಕುಳಿತಿದ್ದವನು. ತಂಡವೆಂದರೆ ವಸ್ತುತಃ ಒಬ್ಬನೇ ಹುಡುಗ. ಹದಿನಾಲ್ಕರ ವಯಸ್ಸಿಗೇ ಹೋರಿಯಂತೆ ಬೆಳೆದಿದ್ದ ಅವನು ದಾಳಿಗೆ ಹೋದರೆ ಇಬ್ಬರನ್ನಾದರೂ ಮುಟ್ಟದೆ ಮರಳುತ್ತಿರಲಿಲ್ಲ. ನಮ್ಮ ವ್ಯಾಯಾಮ ಶಿಕ್ಷಕರು ಉಳಿದ ಆರು ಜನಕ್ಕೆ ಏನನ್ನೂ ಕಲಿಸುವ ಗೋಜಿಗೆ ಹೋಗಿರಲಿಲ್ಲ. ಕಾಲು ಹಿಡಿಯುವುದು ಹೇಗೆ, ಸರಪಳಿ ಕಟ್ಟುವುದು ಹೇಗೆ, ಬಿದ್ದಾಗ ಮೈ ಉಳಿಸಿಕೊಳ್ಳುವುದು ಹೇಗೆ, ಇವಾವುದನ್ನೂ ನಾವು ಕಲಿಯಲಿಲ್ಲ. ಅವನೊಬ್ಬನು ಗೆಲ್ಲಿಸುತ್ತಿದ್ದ. ಗೆಲ್ಲುತ್ತಿರುವಾಗ ಕಲಿಸುವ ಅಗತ್ಯವಾದರೂ ಏನು?

ಕೊನೆಯ ಪಂದ್ಯದ ಹಿಂದಿನ ದಿನ ಅವನ ಬಲಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು. ಮಾಸ್ತರರು ಅದಕ್ಕೆ ಹಳೆಯ ಧೋತರದ ಅರಿವೆ ಹರಿದು ಬಿಗಿಯಾಗಿ ಸುತ್ತಿದರು, ಗೆದ್ದ ಮೇಲೆ ತಾನಾಗಿಯೇ ವಾಸಿಯಾಗುತ್ತದೆ ಎಂದು ಬೆನ್ನು ತಟ್ಟಿದರು. ಅವನು ಆಡಿದ. ನಾವು ಗೆದ್ದೆವು. ಶೃಂಗರಿಸಿದ ಬಂಡಿಯಲ್ಲಿ ಪಾರಿತೋಷಕವನ್ನೂ ಅವನನ್ನೂ ಕೂಡಿಸಿ ಹಲಗೆ ಬಾರಿಸುತ್ತ ಊರೊಳಗೆ ಮೆರವಣಿಗೆ ನಡೆಯಿತು. ಗುಲಾಲು ಹಾರಿಸುತ್ತ ಎಲ್ಲರಿಗಿಂತ ಹೆಚ್ಚಾಗಿ ಕುಣಿದವನು ನಾನು. ಅಗಸಿಯ ಬಳಿ ಅವನನ್ನು ಬಂಡಿಯಿಂದ ಇಳಿಸಿದಾಗ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುತ್ಯಾ ಎದ್ದು ನಿಂತು ಕೇಳಿದ: "ಡಾಲು ಬಂತು ಖರೆ ಮಾಸ್ತರ್ರ, ಆ ಹುಡುಗ ಯಾಕ ಕುಂಟಲಾಕತ್ತಾನ?" ಹಲಗೆಯ ಸದ್ದಿನಲ್ಲಿ ಮಾಸ್ತರರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದಂತೆ ಅವರು ಮುಂದೆ ನಡೆದರು. ನನಗೆ ಕೇಳಿಸಿತು.

ಆ ಮಾಸ್ತರರು ದುಷ್ಟರೇನೂ ಆಗಿರಲಿಲ್ಲ. ಸಂಬಳದಲ್ಲಿ ಉಳಿಸಿ ಹುಡುಗರಿಗೆ ಬೆಲ್ಲ, ಶೇಂಗಾ ಕೊಡಿಸಿದವರು. ಅವರನ್ನು ನಿಂದಿಸಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಅವರು ಮಾಡಿದ್ದನ್ನು ಊರೆಲ್ಲ ಮೆಚ್ಚಿತು, ಮುಖ್ಯೋಪಾಧ್ಯಾಯರು ಮೆಚ್ಚಿದರು, ಆ ಹುಡುಗನ ತಂದೆಯೂ ಮೆಚ್ಚಿದ. ಇಷ್ಟು ಜನ ಕ್ಷಮಿಸಿದ ಮೇಲೆ, ಕ್ಷಮಿಸುವುದೇನು, ಸನ್ಮಾನಿಸಿದ ಮೇಲೆ, ತಪ್ಪು ಎಲ್ಲಿ ಉಳಿಯಿತು?

ಇಲ್ಲಿ ಸ್ವಲ್ಪ ನಿಧಾನಿಸಿ ಯೋಚಿಸಬೇಕಾಗಿದೆ. ತರಬೇತುದಾರನು ಏಕಕಾಲಕ್ಕೆ ಹಲವರ ಋಣದಲ್ಲಿರುತ್ತಾನೆ. ಸಂಬಳ ಕೊಡುವ ಸಂಸ್ಥೆಯ ಋಣವುಂಟು, ನೋಡಲು ಬಂದ ಊರವರ ಋಣವುಂಟು, ಶಿಷ್ಯನ ಋಣವುಂಟು. ಸಂಸ್ಥೆಗೆ ಕೀರ್ತಿ ಬೇಕು, ಊರಿಗೆ ಮೆರವಣಿಗೆ ಬೇಕು; ಗೆಲುವು ಇವೆರಡನ್ನೂ ಸಲ್ಲಿಸುತ್ತದೆ. ಶಿಷ್ಯನಿಗೆ ಸಲ್ಲಬೇಕಾದದ್ದು ಬೇರೆ: ಅವನ ಮೈಯ ಕಾಳಜಿ, ಕೈಕಾಲಿಗೆ ಬಂದ ಕೌಶಲ, ಯಾವಾಗ ಮುನ್ನುಗ್ಗಬೇಕು ಯಾವಾಗ ನಿಲ್ಲಬೇಕೆಂಬ ತಿಳಿವು. ಇದನ್ನು ಪಾರಿತೋಷಕದ ರೂಪದಲ್ಲಿ ಕೊಡಲು ಬರುವುದಿಲ್ಲ. ಒಬ್ಬನಿಂದ ತಂದ ಸಾಲವನ್ನು ಇನ್ನೊಬ್ಬನಿಗೆ ಕೊಟ್ಟು, ಸಾಲ ತೀರಿತೆಂದರೆ ಯಾವ ಸಾಹುಕಾರ ಒಪ್ಪಿಯಾನು? ಗೆಲುವು ಕೆಟ್ಟ ತರಬೇತಿಯನ್ನು ಕ್ಷಮಿಸುವುದೇ ಎಂಬ ಪ್ರಶ್ನೆಯಲ್ಲಿರುವ ತೊಡಕೆಲ್ಲ ಇದೇ. ಕ್ಷಮಿಸುವವರು ಒಬ್ಬರು, ಕಳೆದುಕೊಂಡವನು ಮತ್ತೊಬ್ಬ.

ಇನ್ನು ಗೆಲುವೆಂಬುದು ತರಬೇತಿಗೆ ಎಷ್ಟರಮಟ್ಟಿಗೆ ಸಾಕ್ಷಿ ಹೇಳಬಲ್ಲದು? ನಮ್ಮ ಕಾಲದಲ್ಲೇ ಕಣ್ಣೆದುರು ನಡೆದ ಒಂದು ಪ್ರಸಂಗವನ್ನು ತಾವು ನೆನಪಿಗೆ ತಂದುಕೊಳ್ಳಬೇಕು. ಬೆಂಗಳೂರಿನ ರಾಹುಲ ದ್ರಾವಿಡರು ಭಾರತ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾಗಿದ್ದಾಗ, 2023ರ ವಿಶ್ವಕಪ್ಪಿನಲ್ಲಿ ತಂಡವು ಸತತವಾಗಿ 10 ಪಂದ್ಯಗಳನ್ನು ಗೆದ್ದು ನವೆಂಬರ್ 19ರಂದು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾಕ್ಕೆ ಸೋತಿತು. ಮರುದಿನ ತರಬೇತಿಯಲ್ಲಿ ಕುಂದು ಹುಡುಕಿದವರಿಗೆ ಲೆಕ್ಕವಿಲ್ಲ. ಏಳು ತಿಂಗಳ ತರುವಾಯ, 2024ರ ಜೂನ್ 29ರಂದು, ಅದೇ ತರಬೇತುದಾರರ ತಂಡ ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ ಗೆದ್ದಿತು. ಒಂದು ಹಂತದಲ್ಲಿ ದಕ್ಷಿಣ ಆಫ್ರಿಕಕ್ಕೆ 30 ಎಸೆತಗಳಲ್ಲಿ 30 ಓಟಗಳಷ್ಟೇ ಬೇಕಾಗಿದ್ದವು. ಕೊನೆಯ ಓವರಿನ ಮೊದಲ ಚೆಂಡನ್ನು ಸೂರ್ಯಕುಮಾರ ಯಾದವ ಗಡಿಗೆರೆಯ ಅಂಚಿನಲ್ಲಿ ಹಿಡಿದು, ಮೇಲಕ್ಕೆಸೆದು, ಗೆರೆ ದಾಟಿ ಮರಳಿ ಬಂದು ಮತ್ತೆ ಹಿಡಿದರು. ಗೆಲುವಿನ ಅಂತರ 7 ಓಟ. ಆ ಆಟಗಾರನ ಪಾದ ಒಂದು ಬೆರಳಿನಷ್ಟು ಆಚೆ ಊರಿದ್ದರೆ ದ್ರಾವಿಡರ ಎರಡೂವರೆ ವರ್ಷದ ಶಿಕ್ಷಣ ಒಮ್ಮೆಲೇ ಕೆಟ್ಟದಾಗುತ್ತಿತ್ತೆ? ಊರದೆ ಇದ್ದುದರಿಂದ ಅದು ಒಳ್ಳೆಯದಾಯಿತೆ?

ದ್ರಾವಿಡರ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಈ ವಿಶ್ವಕಪ್ಪುಗಳಲ್ಲ. 2015ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುತ್ತ ಅವರು ಕಿರಿಯರ ಕ್ರಿಕೆಟ್ಟಿನಲ್ಲಿ ವಯಸ್ಸು ಕದಿಯುವ ಪಿಡುಗನ್ನು ಪ್ರಸ್ತಾಪಿಸಿದರು. ವಯಸ್ಸು ತಗ್ಗಿಸಿ ಬಂದ ಹುಡುಗ ಕೌಶಲದಿಂದಲ್ಲ, ಮೈಬಲದಿಂದ ಗೆಲ್ಲುತ್ತಾನೆ. ಪ್ರಾಮಾಣಿಕನಾದ ಚಿಕ್ಕ ಹುಡುಗ ಅವನಿಂದಾಗಿ ಸ್ಥಾನ ಕಳೆದುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಮಾದರಿಯಾಗಬೇಕಾದ ಹಿರಿಯರಿಂದಲೇ ಆ ಮಗು ಮೋಸವನ್ನು ಕಲಿಯುತ್ತದೆ, ಎಂಬುದು ಅವರ ಮಾತಿನ ಸಾರ. ಅನಂತರ 2016ರಲ್ಲಿ ಅವರ ಸಲಹೆಯಂತೆ ಒಬ್ಬ ಆಟಗಾರ 19ರ ಒಳಗಿನವರ ವಿಶ್ವಕಪ್ಪಿನಲ್ಲಿ ಒಂದೇ ಬಾರಿ ಆಡಬೇಕೆಂಬ ನಿಯಮವನ್ನು ಕ್ರಿಕೆಟ್ ಮಂಡಳಿ ತಂದಿತು. ಇದರ ಅರ್ಥವನ್ನು ಸ್ವಲ್ಪ ಗಮನಿಸಿರಿ. ಒಮ್ಮೆ ಆಡಿ ಪಳಗಿದ ಹುಡುಗ ಎರಡನೆಯ ಸಲ ಆಡಿದರೆ ಗೆಲ್ಲುವ ಸಂಭವ ಹೆಚ್ಚು. ಆ ತಂಡದ ತರಬೇತುದಾರರೇ ಆಗಿದ್ದವರು ಆ ಸಂಭವವನ್ನು ಕೈಯಾರೆ ಬಿಟ್ಟುಕೊಟ್ಟು, ಆ ಜಾಗದಲ್ಲಿ ಹೊಸಬನೊಬ್ಬ ಕಲಿಯಲಿ ಎಂದರು. 2016ರಲ್ಲಿ ಅವರ ಕಿರಿಯ ತಂಡ ಅಂತಿಮ ಪಂದ್ಯದಲ್ಲಿ ಸೋತಿತ್ತು, 2018ರಲ್ಲಿ ಗೆದ್ದಿತು. ನನ್ನ ವಾದಕ್ಕೆ ಆ ಗೆಲುವಿನ ಹಂಗು ಬೇಕಿಲ್ಲ. 2018ರಲ್ಲಿ ಮತ್ತೆ ಸೋತಿದ್ದರೂ ಅವರ ನಿರ್ಣಯ ಸರಿಯೇ ಆಗಿರುತ್ತಿತ್ತು.

ಫುಟ್‌ಬಾಲು ನಮ್ಮ ಎರೆಭೂಮಿಯ ಆಟವಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುವ, ಮಳೆಗಾಲದಲ್ಲಿ ಮೊಣಕಾಲ ತನಕ ಹೂತುಹೋಗುವ ನೆಲದಲ್ಲಿ ಆ ಚೆಂಡು ಉರುಳುವುದು ಕಷ್ಟ. ಆದರೂ 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜಧಾನಿಯಲ್ಲಿದ್ದ ಒಬ್ಬ ಶಾಲಾ ಮಾಸ್ತರರು ಭಾರತದ ಫುಟ್‌ಬಾಲಿಗೆ ಗುರುವಾದರೆಂಬುದನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದರು. ಅವರೇ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ವರ್ಷ ರೋವರ್ಸ್ ಕಪ್ ಗೆದ್ದಿತು. ಅವರ ಕೈಕೆಳಗೆ ಭಾರತ 1951ರಲ್ಲಿ ದಿಲ್ಲಿಯಲ್ಲೂ 1962ರಲ್ಲಿ ಜಕಾರ್ತದಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು.

ಇಷ್ಟೆಲ್ಲ ಗೆದ್ದ ಆ ಗುರುವಿನ ಅಭ್ಯಾಸಕ್ರಮದಲ್ಲಿ ಒಂದು ವಿಚಿತ್ರವಿತ್ತು. ಬಲಗಾಲಿನ ಆಟಗಾರರು ಎಡಗಾಲಿನಿಂದಲೇ ಒದೆಯಬೇಕು, ಎಡಗಾಲಿನವರು ಬಲಗಾಲಿನಿಂದಲೇ ಒದೆಯಬೇಕು ಎಂಬ ಕಟ್ಟಳೆಯಲ್ಲಿ ಅವರು ಪಂದ್ಯಗಳನ್ನು ಆಡಿಸುತ್ತಿದ್ದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಚಮತ್ಕಾರ ತೋರಿಸಕೂಡದು, ಕೂಡಲೆ ಜೊತೆಗಾರನಿಗೆ ಕೊಡಬೇಕು ಎಂಬ ಪಂದ್ಯಗಳೂ ಇದ್ದವು. ಅಂತಹ ಪಂದ್ಯವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಹೆಸರಾಂತ ಆಟಗಾರರು ಎಡವುತ್ತಿದ್ದಾರೆ, ಚೆಂಡು ಎತ್ತಲೋ ಹೋಗುತ್ತಿದೆ, ನೋಡುವವರು ನಗುತ್ತಿದ್ದಾರೆ. ಕೇವಲ ಗೆಲುವನ್ನೇ ಬಯಸುವವನು ಶಿಷ್ಯನ ಬಲವಾದ ಕಾಲನ್ನು ಮಾತ್ರ ದುಡಿಸಿಕೊಳ್ಳುತ್ತಾನೆ, ಏಕೆಂದರೆ ಇಂದಿನ ಪಂದ್ಯ ಗೆಲ್ಲುವುದು ಆ ಕಾಲಿನಿಂದಲೇ. ದುರ್ಬಲವಾದ ಕಾಲಿಗೆ ಪಾಠ ಹೇಳುವವನು ಇಂದಿನ ಸೋಲಿಗೆ ಸಿದ್ಧನಾಗಿರಬೇಕು. ನಮ್ಮ ಕಬಡ್ಡಿ ತಂಡದಲ್ಲಿ ಬಲವಾದ ಕಾಲೆಂದರೆ ಆ ಒಬ್ಬ ಹುಡುಗ. ನಾವು ಉಳಿದವರೆಲ್ಲ ಯಾರೂ ಮುಟ್ಟದೆ ಬಿಟ್ಟ ಕಾಲು.

ಆದರೆ ರಹೀಮ್ ಸಾಹೇಬರ ಚರಿತ್ರೆಯಲ್ಲೇ ನನ್ನ ವಾದಕ್ಕೆ ಎದುರಾಗುವ ಪ್ರಸಂಗವೊಂದಿದೆ. ಅದನ್ನು ಮುಚ್ಚಿಟ್ಟರೆ ತಮಗೆ ಮೋಸ ಮಾಡಿದಂತಾಗುತ್ತದೆ. ಜಕಾರ್ತದಲ್ಲಿ ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಅವರನ್ನು ಸಾಹೇಬರು ಮುಂಚೂಣಿಯಲ್ಲಿ ನಿಲ್ಲಿಸಿ ಆಡಿಸಿದರು. ದಕ್ಷಿಣ ಕೊರಿಯಾದ ಎದುರಿನ ಅಂತಿಮ ಪಂದ್ಯದಲ್ಲಿ ಪಿ.ಕೆ. ಬ್ಯಾನರ್ಜಿಯವರದು ಒಂದು, ಜರ್ನೈಲರದು ಒಂದು ಗೋಲು. 2-1ರಿಂದ ಚಿನ್ನ ನಮ್ಮದಾಯಿತು. ನಮ್ಮೂರ ಮುತ್ಯಾ ಅಲ್ಲಿದ್ದರೆ ಅದೇ ಪ್ರಶ್ನೆಯನ್ನು ಕೇಳುತ್ತಿದ್ದನಲ್ಲವೆ? ಜರ್ನೈಲರು ಪ್ರಾಯಕ್ಕೆ ಬಂದವರು, ತಾವು ಏನನ್ನು ಪಣಕ್ಕಿಡುತ್ತಿದ್ದೇವೆಂದು ಬಲ್ಲವರು. ಆಡಿಸಿದ ಗುರುವೂ ಅರ್ಬುದರೋಗ ಹೊತ್ತುಕೊಂಡೇ ಮೈದಾನದ ಅಂಚಿನಲ್ಲಿ ನಿಂತಿದ್ದವರು, ಮರುವರ್ಷ ಜೂನಿನಲ್ಲಿ ತೀರಿಹೋದವರು. ಹದಿನಾಲ್ಕರ ಹುಡುಗನ ಒಪ್ಪಿಗೆಗೂ ಇಂತಹವರ ಒಪ್ಪಿಗೆಗೂ ವ್ಯತ್ಯಾಸವಿದೆಯೆಂದು ನಾನು ಹೇಳುತ್ತೇನೆ. ಹಾಗೆ ಹೇಳುವಾಗ ನನ್ನ ದನಿ ಸ್ವಲ್ಪ ಇಳಿಯುತ್ತದೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದುಂಟು. ಉಳ್ಳವರ ಮಕ್ಕಳಿಗೆ ಆಟವೆಂದರೆ ಆಟ. ಬಡವರ ಮಗನಿಗೆ ಅದು ಅನ್ನ. ಗೆದ್ದವನಿಗೆ ಪ್ರಮಾಣಪತ್ರ, ಆ ಪತ್ರದಿಂದ ಕಾಲೇಜಿನಲ್ಲಿ ಸ್ಥಾನ, ಪೊಲೀಸು ಇಲ್ಲವೆ ರೈಲ್ವೆಯಲ್ಲಿ ನೌಕರಿ. ಸೋತ ತಂಡದಲ್ಲಿ ಪಡೆದ ಒಳ್ಳೆಯ ತರಬೇತಿಯನ್ನು ತೋರಿಸಿದರೆ ಯಾರು ಕೆಲಸ ಕೊಟ್ಟಾರು? ಈ ಮಾತಿನಲ್ಲಿ ಸತ್ಯವಿದೆ. ಗೆಲುವನ್ನು ಹಗುರಾಗಿ ಕಾಣುವ ಹಕ್ಕು ಹೊಟ್ಟೆ ತುಂಬಿದವನಿಗೂ ಇಲ್ಲ. ಸೋತ ತರಬೇತುದಾರರು ಕೆಲವರು ತಾವು ಶೀಲ ಕಲಿಸಿದೆವೆಂದು ಹೇಳಿಕೊಂಡು ಮೈಗಳ್ಳತನ ಮುಚ್ಚಿಕೊಳ್ಳುವುದನ್ನೂ ಕಂಡಿದ್ದೇನೆ. ಸೋಲೇನೂ ಸದ್ಗುಣದ ಮುದ್ರೆಯಲ್ಲ. ಆದರೆ ಲೆಕ್ಕ ಹಾಕಿ ನೋಡಿರಿ. ನಮ್ಮ ತಂಡದ ಏಳು ಹುಡುಗರಲ್ಲಿ ಆ ಪಾರಿತೋಷಕದಿಂದ ನೌಕರಿ ಪಡೆದವರು ಯಾರೂ ಇಲ್ಲ. ಪಡೆಯಬಹುದಾಗಿದ್ದವನು ಒಬ್ಬನೇ, ಅವನ ಮೊಣಕಾಲೇ ಹೋಗಿತ್ತು. ಜಿಲ್ಲಾ ಪಂದ್ಯದಲ್ಲಿ ಅವನಿಲ್ಲದೆ ಆಡಿದ ನಾವು ಮೊದಲ ಸುತ್ತಿನಲ್ಲೇ ಧೂಳು ಮುಕ್ಕಿದೆವು. ಬೆಲೆ ಬಂದಿದೆಯೆಂದು ಒಂದೇ ಹೊಲದಲ್ಲಿ ವರ್ಷ ವರ್ಷ ತೊಗರಿಯನ್ನೇ ಬಿತ್ತುತ್ತ ಹೋದರೆ ನೆಟೆರೋಗ ಮಣ್ಣಿನಲ್ಲೇ ಮನೆ ಮಾಡಿಕೊಳ್ಳುತ್ತದೆ. ನಡುವೆ ಒಮ್ಮೆ ಜೋಳ ಬಿತ್ತಿ ನೆಲಕ್ಕೆ ಬಿಡುವು ಕೊಡುವವನು ಆ ವರ್ಷದ ಮಟ್ಟಿಗೆ ಸೋತವನಂತೆ ಕಾಣುತ್ತಾನೆ.

ಅನುಭವ ಮಂಟಪದ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆಲ್ಲ ಗೊತ್ತಿದ್ದುದೇ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಕೆ ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ಬಡತನದ ಮನೆಯಲ್ಲಿ ಹೆಚ್ಚು ಬಂದ ಅಕ್ಕಿಯನ್ನು ಗೆಲುವೆಂದು ಬಗೆಯದೆ, ಅದು ಬಂದ ಬಗೆಯನ್ನು ಕೇಳಿದಳು. ನಾವು ಈ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಶಾಲೆಯ ವಾರ್ಷಿಕ ವರದಿ ಓದುವಾಗ ಮರೆಯುತ್ತೇವೆ.

ಶಾಲೆಯ ಮಾತು ಬಂದುದರಿಂದ ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳದೆ ಬಿಡಲಾರೆ. ನಾನು ಮುಂದೆ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿದೆ. ಮೊದಲ ಕೆಲವು ವರ್ಷ ಹುಡುಗರಿಗೆ ಅರ್ಥವಾಗುವ ತನಕ ಬಿಡುತ್ತಿರಲಿಲ್ಲ. ಪಠ್ಯ ಮುಗಿಯುತ್ತಿರಲಿಲ್ಲ, ಫಲಿತಾಂಶ ಅಷ್ಟಕ್ಕಷ್ಟೆ ಬರುತ್ತಿತ್ತು. ಮೇಲಿನವರು ಕೇಳತೊಡಗಿದರು. ಆಗ ನಾನೂ ದಾರಿ ಬದಲಿಸಿದೆ. ಹತ್ತು ವರ್ಷದ ಪ್ರಶ್ನಪತ್ರಿಕೆಗಳನ್ನು ಹರವಿ, ಬರಬಹುದಾದ ಲೆಕ್ಕಗಳನ್ನು ಆಯ್ದು, ಬಾಯಿಪಾಠ ಮಾಡಿಸಿದೆ. ಫಲಿತಾಂಶ ಶೇಕಡಾ 90 ದಾಟಿತು. ನನಗೆ ಶಾಲು ಹೊದಿಸಿದರು. ಕೆಲವು ವರ್ಷಗಳ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಗಣಿತದಲ್ಲಿ 80ಕ್ಕೂ ಮೇಲೆ ಅಂಕ ಪಡೆದವನು, ಬ್ಯಾಂಕಿನ ಚೀಟಿ ಹಿಡಿದು ಮನೆಗೆ ಬಂದ. 60,000 ರೂಪಾಯಿ ಬೆಳೆಸಾಲಕ್ಕೆ ಶೇಕಡಾ 7ರಂತೆ 8 ತಿಂಗಳ ಬಡ್ಡಿ ಎಷ್ಟಾಗುತ್ತದೆಂದು ಅವನಿಗೆ ತಿಳಿಯದೆ ನನ್ನನ್ನು ಕೇಳಿದ. 2,800 ಎಂದು ಹೇಳಿ ಕಳುಹಿದೆ. ಅವನು ಕೈಮುಗಿದು ಹೋದ ಮೇಲೆ ಬಹಳ ಹೊತ್ತು ಆ ಶಾಲನ್ನು ಇಟ್ಟಿದ್ದ ಟ್ರಂಕಿನ ಕಡೆ ನೋಡಲಾರದೆ ಕುಳಿತಿದ್ದೆ. ಅರಿವೆ ಸುತ್ತಿ ಆಡಿಸಿದ ಆ ಮಾಸ್ತರರಿಗೂ ನನಗೂ ಇದ್ದ ಅಂತರವೇನು? ಅವರು ಸುತ್ತಿದ್ದು ಮೊಣಕಾಲಿಗೆ, ನಾನು ಸುತ್ತಿದ್ದು ಬುದ್ಧಿಗೆ.

ಇದು ನನ್ನೊಬ್ಬನ ಕಥೆಯಾಗಿ ಉಳಿದಿಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮರಾ ಇರಿಸಿ ದೂರದಿಂದ ನೋಡುವ ವ್ಯವಸ್ಥೆ ಬಂದಿತು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42.43 ಪಡೆದು ಎಲ್ಲ ಜಿಲ್ಲೆಗಳ ಕೊನೆಗೆ ನಿಂತಿತು. ಪತ್ರಿಕೆಗಳು ಇದನ್ನು ಕುಸಿತವೆಂದು ಬರೆದವು. ಮಕ್ಕಳ ತಿಳಿವಳಿಕೆ ಒಂದೇ ವರ್ಷದಲ್ಲಿ ಅಷ್ಟು ಕುಸಿಯುವುದು ಸಾಧ್ಯವೆ? ಕುಸಿದದ್ದು ನಾವು ಹೊದ್ದಿದ್ದ ಶಾಲು ಎಂದು ನನಗನಿಸುತ್ತದೆ. ಆ ಅಂಕಿಯನ್ನು ಕಂಡು ನಾಚುವುದಾದರೆ ಮಕ್ಕಳು ನಾಚಬೇಕಾಗಿಲ್ಲ. ಹಿಂದಿನ ವರ್ಷಗಳ ದೊಡ್ಡ ಅಂಕಿಗಳನ್ನು ಕಂಡು ಇನ್ನೇನನ್ನೂ ಕೇಳದೆ ಸುಮ್ಮನಿದ್ದ ನಾವು, ಶಿಕ್ಷಕರು, ಪಾಲಕರು, ಶಾಲೆ ನಡೆಸುವವರು, ನಾಚಬೇಕು.

ಕಳೆದ ಶ್ರಾವಣದಲ್ಲಿ ನೆಲೋಗಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಆ ನನ್ನ ಜೊತೆಗಾರ ಸಿಕ್ಕಿದ. ಈಗ ಕೋಲು ಹಿಡಿದಿದ್ದಾನೆ. ಆ ಪಂದ್ಯದ ಮೇಲೆ ಅವನಿಗೆ ಚಕ್ಕಳಮಕ್ಕಳ ಹಾಕಿ ಕೂಡಲು ಬರಲಿಲ್ಲ. ರಂಟೆ, ಕುಂಟೆ ಹಿಡಿದು ದಿನವಿಡೀ ನಡೆಯಲಾಗದೆ ಹೊಲವನ್ನು ಪಾಲಿಗೆ ಹಾಕಿ ಕಿರಾಣಿ ಅಂಗಡಿ ನಡೆಸಿ ಸಂಸಾರ ತೂಗಿಸಿದವನು. ನಾನು ಅಳುಕುತ್ತಲೇ ಹಳೆಯ ಮಾತು ತೆಗೆದೆ. ಅವನ ಮುಖ ಅರಳಿತು. ಮಾಸ್ತರರ ಮೇಲೆ ಅವನಿಗೆ ಎಳ್ಳಷ್ಟೂ ಕೋಪವಿಲ್ಲ. "ನಮ್ಮ ಮಾಸ್ತರ್ರು ಗೆಲ್ಲಿಸಿದ್ರು ನೋಡು. ಬಂಡ್ಯಾಗ ಕುಂಡ್ರಿಸಿ ಮೆರಸಿದ್ರು. ಇಡೀ ಜನ್ಮದಾಗ ಅದೊಂದ್ ದಿನ ಸಾಕು" ಎಂದ. ನನ್ನ ವಾದವೆಲ್ಲ ಅವನ ಎದುರಿಗೆ ಮಾತು ಕಳೆದುಕೊಂಡು ನಿಂತಿತು. ಕಳೆದುಕೊಂಡವನೇ ಕ್ಷಮಿಸಿದ ಮೇಲೆ ಮಧ್ಯೆ ನಾನು ಯಾರು? ಸಾಲ ಕೊಟ್ಟವನು ಪತ್ರ ಹರಿದು ಹಾಕಬಹುದು, ಅದು ಅವನ ದೊಡ್ಡತನ. ಅದರಿಂದ ಸಾಲವೇ ಇರಲಿಲ್ಲವೆಂದಾಗುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅವನಿಗೆ ಹೇಳಲಿಲ್ಲ.

ಬಸ್ಸು ಬಂದಿತು. ನಾನು ಮೆಟ್ಟಿಲು ಹತ್ತುತ್ತಿರುವಾಗ ಅವನು ಹಿಂದಿನಿಂದ ಕೂಗಿ ನಿಲ್ಲಿಸಿದ. ಅವನ ಮೊಮ್ಮಗ ಈ ವರ್ಷ ಶಾಲೆಯ ಕಬಡ್ಡಿ ತಂಡಕ್ಕೆ ಸೇರಿದ್ದಾನಂತೆ, ತಾತನ ಹಾಗೆಯೇ ಗಟ್ಟಿ ಆಳಂತೆ.

"ನೀ ಮಾಸ್ತರ ಇದ್ದಾಂವ, ನಿನ್ನ ಮಾತು ಕೇಳ್ತಾರ. ಅಲ್ಲಿ ಸರ್ ಅವರಿಗೆ ಒಂದ್ ಮಾತ್ ಹೇಳು. ಪೋರನ ಮೊಣಕಾಲ ಬಾತ್ರ ಆಡಸಬ್ಯಾಡ್ರಿ ಅಂತ ಹೇಳು."